ಅಟ್ಟದ ಮಂಚ ಅಲುಗಾಡುತ್ತಿದೆಯಾ? ಸ್ಪ್ಯಾನರ್ ಕೆಳಗಿಡಿ, ಮೊದಲು ಪೆನ್ಸಿಲ್ ತಗೊಳ್ಳಿ

ನಾನು ಮೊದಲ ಸಲ ಮನೆಯಲ್ಲೇ ಮಾಡಿದ ಅಟ್ಟದ ಮಂಚ (ಆಳೆತ್ತರದ ಕಾಲುಗಳ ಮೇಲೆ ಹಾಸಿಗೆ, ಕೆಳಗೆ ಖಾಲಿ ಜಾಗ) ಮೂರು ವಾರ ಚೆನ್ನಾಗಿತ್ತು. ನಾಲ್ಕನೇ ವಾರ ಮಗ ಮೇಲೆ ಮಗ್ಗುಲು ಬದಲಿಸಿದರೆ ಸಾಕು, ಮಂಚದ ಕೆಳಗೆ ನೇತುಹಾಕಿದ್ದ ದೀಪ ತೂಗಲು ಶುರು. ಬೋಲ್ಟ್ ಸಡಿಲ ಆಗಿರಬೇಕು ಅಂತ 16 ಬೋಲ್ಟನ್ನೂ ಬಿಗಿ ಮಾಡಿದೆ. ಒಂದು ವಾರ ಸರಿ ಇತ್ತು. ಮತ್ತೆ ಅದೇ ಕಥೆ. ಮತ್ತೆ ಬಿಗಿ ಮಾಡಿದೆ. ಹೀಗೇ ಎರಡು ತಿಂಗಳು ಕಳೆದ ಮೇಲೆ ಒಂದು ದಿನ ಟಾರ್ಚ್ ಹಿಡಿದು ಹತ್ತಿರದಿಂದ ನೋಡಿದೆ. ವಾಷರ್‌ಗಳು ಮರದೊಳಗೆ ಅರ್ಧ ಹೂತುಹೋಗಿದ್ದವು, ಸುತ್ತಲಿನ ನಾರು ಜಜ್ಜಿಹೋಗಿ ಕಪ್ಪಾಗಿತ್ತು. ಬೋಲ್ಟ್‌ನದ್ದು ತಪ್ಪೇ ಇರಲಿಲ್ಲ. ಇಡೀ ಮಂಚದಲ್ಲಿ ಓರೆಯಾಗಿ ಹೊಡೆದ ಪಟ್ಟಿ ಒಂದೂ ಇರಲಿಲ್ಲ, ಅದೇ ತೊಂದರೆ. ಅದನ್ನು ಹುಡುಕೋ ಬದಲು ಎರಡು ತಿಂಗಳು ನಾನೇ ನನ್ನ ಕೈಯಾರೆ ಕೀಲುಗಳನ್ನು ಹಾಳು ಮಾಡಿದ್ದೆ.

ಅದಕ್ಕೇ ಈ ಬರಹದಲ್ಲಿ ರಿಪೇರಿಗಿಂತ ಹುಡುಕಾಟಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ.

ಮುಂದೆ ಗೊಂದಲ ಆಗದಿರಲಿ ಅಂತ ಹೆಸರುಗಳನ್ನು ಹೇಳಿಬಿಡುತ್ತೇನೆ. ನಿಂತಿರುವ ನಾಲ್ಕು ಕಂಬಗಳು ಕಾಲುಗಳು. ಉದ್ದಕ್ಕೆ ಇರುವವು ಉದ್ದಪಟ್ಟಿ, ತಲೆ ಮತ್ತು ಪಾದದ ಕಡೆ ಇರುವವು ಅಡ್ಡಪಟ್ಟಿ. ಹಾಸಿಗೆಯ ಕೆಳಗೆ ಸಾಲಾಗಿ ಹಾಕುವ ತೆಳು ಹಲಗೆಗಳು ರೀಪು. ಆ ರೀಪುಗಳು ಕೂರಲು ಉದ್ದಪಟ್ಟಿಯ ಒಳಮೈಗೆ ಹೊಡೆದಿರುತ್ತೇವಲ್ಲ, ಅದು ಆಸರೆಪಟ್ಟಿ.

ಒಂದು ಮಾತು ಈಗಲೇ. ಪಟ್ಟಿಯಲ್ಲೋ ಕಾಲಿನಲ್ಲೋ ಬಿರುಕು ಕಂಡರೆ, ಕೀಲಿನಲ್ಲಿ ಸಂದು ತೆರೆದುಕೊಂಡಿದ್ದರೆ, ಅಥವಾ ಹತ್ತುವಾಗ ‘ಚಟ್’ ಅಂತ ಒಣ ಸದ್ದು ಬಂದಿದ್ದರೆ, ಕಾರಣ ಸಿಗುವ ತನಕ ಹಾಸಿಗೆಯನ್ನು ನೆಲಕ್ಕೆ ಹಾಕಿ ಮಲಗಿ. ಮಕ್ಕಳಿಗೆ ಬೇಜಾರಾಗುತ್ತದೆ, ಆಗಲಿ.

ಕೈಯಲ್ಲೇ ಪತ್ತೆ ಮಾಡುವುದು

ಹಾಸಿಗೆ, ದಿಂಬು ಎಲ್ಲ ಇಳಿಸಿ. ಮಂಚ ಗೋಡೆಗೆ ಒರಗಿದ್ದರೆ ಒಂದು ಗೇಣು ಮುಂದಕ್ಕೆ ಎಳೆಯಿರಿ, ಗೋಡೆ ಎಷ್ಟೋ ದೋಷಗಳನ್ನು ಮುಚ್ಚಿಡುತ್ತದೆ. ಈಗ ಒಂದು ಚೂಪಾದ ಪೆನ್ಸಿಲ್ ತಗೊಂಡು ಪ್ರತಿ ಕೀಲಿನ ಮೇಲೂ, ಕಾಲಿನಿಂದ ಶುರುವಾಗಿ ಪಟ್ಟಿಯ ಮೇಲೆ ಮುಗಿಯುವ ಹಾಗೆ, ಎರಡು ನೇರ ಗೆರೆ ಎಳೆಯಿರಿ, ಒಂದು ಮೇಲೆ, ಒಂದು ಕೆಳಗೆ. ಆಮೇಲೆ ಯಾರಾದರೂ ಒಬ್ಬರು ಮಂಚದ ಮೇಲ್ತುದಿಯನ್ನು ಒಂದು ಕೈಯಲ್ಲಿ ಹಿಡಿದು ನಿಧಾನವಾಗಿ ಆಚೆ ಈಚೆ ತಳ್ಳಲಿ, ಜೋರಾಗಿ ಬೇಡ. ಮೊದಲು ಉದ್ದಕ್ಕೆ, ಆಮೇಲೆ ಅಗಲಕ್ಕೆ. ನೀವು ಗೆರೆಯ ಹತ್ತಿರ ಕಣ್ಣಿಟ್ಟು, ತೋರುಬೆರಳಿನ ಉಗುರನ್ನು ಸಂದಿನ ಮೇಲೆ ಇಡಿ, ಅರ್ಧ ಕಾಲಿನ ಮೇಲೆ ಅರ್ಧ ಪಟ್ಟಿಯ ಮೇಲೆ.

ಕೀಲು ಸರಿಯುತ್ತಿದ್ದರೆ ಗೆರೆ ಅಲ್ಲಿ ಮುರಿದ ಹಾಗೆ ಕಾಣುತ್ತದೆ, ಉಗುರಿಗೂ ಒಂದು ಸಣ್ಣ ಮೆಟ್ಟಿಲು ಸಿಕ್ಕ ಹಾಗಾಗುತ್ತದೆ. ಎರಡೂ ಗೆರೆ ಒಂದೇ ಕಡೆಗೆ ಮುರಿದರೆ ಪಟ್ಟಿ ಇಡಿಯಾಗಿ ಜಾರುತ್ತಿದೆ, ಅಂದರೆ ಹಿಡಿತ ಹೋಗಿದೆ. ಮೇಲಿನ ಗೆರೆ ಒಂದು ಕಡೆ, ಕೆಳಗಿನದು ಇನ್ನೊಂದು ಕಡೆ ಹೋದರೆ ಕೀಲು ತಿರುಗುತ್ತಿದೆ. ಎಲ್ಲೂ ಗೆರೆ ಮುರಿಯುವುದೇ ಇಲ್ಲ, ಆದರೂ ಮಂಚ ತೂಗುತ್ತಿದೆ ಅಂದರೆ ಮರವೇ ಬಾಗುತ್ತಿದೆ, ಇಲ್ಲವೇ ಒಂದು ಕಾಲು ನೆಲಕ್ಕೆ ಕೂತಿಲ್ಲ. ಈ ಮೂರನ್ನು ಬೇರೆ ಮಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು.

ಕಾಲು ಕೂತಿದೆಯೋ ಇಲ್ಲವೋ ನೋಡುವುದು ಸುಲಭ. ನಾಲ್ಕೂ ಕಾಲಿನ ಕೆಳಗೆ ಒಂದೊಂದು ಕಾಗದದ ಚೂರು ತೂರಿಸಲು ನೋಡಿ. ಮೂರರಲ್ಲಿ ಹೋಗದೆ ಒಂದರಲ್ಲಿ ಸಲೀಸಾಗಿ ಹೋದರೆ ಅದೇ ಕಳ್ಳ. ಆದರೆ ತಪ್ಪು ನೆಲದ್ದಾ ಮಂಚದ್ದಾ? ಮಂಚವನ್ನು ಒಂದು ಅಡಿ ಸರಿಸಿ ಮತ್ತೆ ನೋಡಿ. ಅದೇ ಕಾಲು ಮತ್ತೆ ಎತ್ತಿಕೊಂಡರೆ ಮಂಚ ತಿರುಚಿಕೊಂಡಿದೆ ಅಥವಾ ಆ ಕಾಲು ಗಿಡ್ಡ. ಬೇರೆ ಕಾಲು ಎತ್ತಿಕೊಂಡರೆ ನೆಲ ಏರುಪೇರು, ತೆಳು ಪ್ಲೈವುಡ್ ಚೂರು ಕೊಟ್ಟರೆ ಆಯಿತು. ಗಟ್ಟಿಯದೇ ಕೊಡಿ. ರಟ್ಟು ಮಡಚಿ ಇಟ್ಟರೆ ಒಂದು ತಿಂಗಳಲ್ಲಿ ಚಪ್ಪಟೆ ಆಗಿ ಮತ್ತೆ ಶುರುವಾಗುತ್ತದೆ.

ತಿರುಚಿದೆ ಅನ್ನಿಸಿದರೆ ಟೇಪು ಹಿಡಿದು ಮೇಲಿನ ಚೌಕಟ್ಟಿನ ಮೂಲೆಯಿಂದ ಎದುರು ಮೂಲೆಗೆ ಅಳೆಯಿರಿ. ಎರಡೂ ಓರೆ ಅಳತೆ ಸಮ ಇರಬೇಕು. 2-3 ಮಿ.ಮೀ. ವ್ಯತ್ಯಾಸ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಬೆರಳಗಲ ಬಂದರೆ ಚೌಕಟ್ಟು ಸೊಟ್ಟ ಇರುವಾಗಲೇ ಬೋಲ್ಟ್ ಬಿಗಿ ಮಾಡಿದ್ದೀರಿ ಅಂತ ಅರ್ಥ. ಎಲ್ಲ ಬೋಲ್ಟನ್ನೂ ಅರ್ಧ ಸುತ್ತು ಸಡಿಲಿಸಿ, ಉದ್ದ ಬಂದ ಮೂಲೆಯನ್ನು ಒಳಕ್ಕೆ ತಳ್ಳಿ, ಅಳತೆ ಸಮ ಬಂದ ಮೇಲೆ ಬಿಗಿ ಮಾಡಿ.

ಉದ್ದಕ್ಕೆ ತೂಗುತ್ತಿದ್ದರೆ

ಹತ್ತರಲ್ಲಿ ಏಳೆಂಟು ಮಂಚಗಳ ತೊಂದರೆ ಇದೇ ಅಂತ ನನ್ನ ಅಂದಾಜು. ನಾಲ್ಕು ಕಡ್ಡಿ ತಗೊಂಡು ನಾಲ್ಕು ಮೂಲೆಗೆ ಒಂದೊಂದು ಗುಂಡುಸೂಜಿ ಚುಚ್ಚಿ ಚೌಕ ಮಾಡಿ ನೋಡಿ, ಬೆರಳಿಂದ ತಳ್ಳಿದರೆ ಅದು ಒಂದು ಕಡೆ ಮಲಗಿಬಿಡುತ್ತದೆ. ಮೂರು ಕಡ್ಡಿಯ ತ್ರಿಕೋನ ಮಲಗುವುದಿಲ್ಲ. ಮಂಚದ ಚೌಕಕ್ಕೆ ಓರೆಯಾಗಿ ಪಟ್ಟಿ ಹೊಡೆದರೆ ಆಗುವುದು ಅದೇ ತ್ರಿಕೋನ, ಅದಿಲ್ಲದಿದ್ದರೆ ಮಂಚ ತೂಗುತ್ತದೆ. ಮಾಮೂಲಿ ಮಂಚದ ಕಾಲು ಒಂದೂವರೆ ಅಡಿ, ಹಾಗಾಗಿ ಈ ದೋಷ ಅಲ್ಲಿ ಇದ್ದರೂ ಕಾಣಲ್ಲ. ಅಟ್ಟದ ಮಂಚದಲ್ಲಿ ಕಾಲು ಆಳೆತ್ತರ, ಸಣ್ಣ ಸಡಿಲವೂ ಹಿಗ್ಗಿ ಕಾಣುತ್ತದೆ.

ಲೆಕ್ಕ ಹಾಕಿಯೇ ನೋಡೋಣ. ಒಂದು ಕೀಲಿನಲ್ಲಿ ಎರಡು ಬೋಲ್ಟ್, ಒಂದರ ಮೇಲೊಂದು, ನಡುವೆ 100 ಮಿ.ಮೀ. ಅಂತರ. ಬೋಲ್ಟ್ 10 ಮಿ.ಮೀ., ತೂತು 11 ಕೊರೆದಿದ್ದೀರಿ, ಸುಲಭವಾಗಿ ಹೋಗಲಿ ಅಂತ. ಆ 1 ಮಿ.ಮೀ. ಸಡಿಲಕ್ಕೆ, 1700 ಮಿ.ಮೀ. ಎತ್ತರದ ಕಾಲಿನ ಇನ್ನೊಂದು ತುದಿಯಲ್ಲಿ ಸುಮಾರು 17 ಮಿ.ಮೀ. ಓಲಾಟ ಬರುತ್ತದೆ. ಒಂದೇ ಬೋಲ್ಟ್ ಹಾಕಿದ್ದರಂತೂ ಅದು ಕೀಲಲ್ಲ, ಬಾಗಿಲ ತಿರುಗಣಿ. ಬಿಗಿ ಮಾಡಿದಾಗ ಸರಿ ಹೋಗುವುದು ಎರಡು ಮರಗಳ ನಡುವಿನ ಉಜ್ಜಾಟದ ಬಲದಿಂದ ಮಾತ್ರ. ಮರ ಸ್ವಲ್ಪ ಒಣಗಿತು, ವಾಷರ್ ಸ್ವಲ್ಪ ಒತ್ತಿತು ಅಂದರೆ ಆ ಬಲ ಹೋಯಿತು.

ಹೊಸ ಮರ ಕೊಯ್ಯುವ ಮೊದಲು ಒಂದು ಪರೀಕ್ಷೆ ಮಾಡಿ. ಉಳಿದ ಹಲಗೆ ಯಾವುದಾದರೂ ಇರುತ್ತದಲ್ಲ, ಅದನ್ನು ಹಿಂಬದಿಯಲ್ಲಿ ಕಾಲಿಗೂ ಉದ್ದಪಟ್ಟಿಗೂ ಓರೆಯಾಗಿ ಇಟ್ಟು ಎರಡು ಕ್ಲ್ಯಾಂಪ್ ಹಾಕಿ. ಈಗ ಅಲ್ಲಾಡಿಸಿ. ತೂಗಾಟ ಸಟ್ಟನೆ ನಿಂತರೆ ರೋಗ ಇದೇ, ಔಷಧವೂ ಇದೇ. ನಿಲ್ಲದಿದ್ದರೆ ಓರೆಪಟ್ಟಿ ಹೊಡೆದು ಪ್ರಯೋಜನ ಇಲ್ಲ, ಬೇರೆ ಕಡೆ ಹುಡುಕಿ. ಐದು ನಿಮಿಷದ ಕೆಲಸ. ನನಗೆ ಇದು ಎರಡು ತಿಂಗಳು ಹೊಳೆಯಲಿಲ್ಲ.

ಖಾಯಂ ಪರಿಹಾರಕ್ಕೆ ದಾರಿ ಹಲವು. ಕೆಳಗೆ ಮೇಜು ಇಡಬೇಕು, ಓಡಾಡಲು ಜಾಗ ಬೇಕು ಅಂದರೆ ಮೂಲೆಗಳಿಗೆ 45 ಡಿಗ್ರಿಯ ಗಿಡ್ಡ ಓರೆಪಟ್ಟಿ ಸಾಕು, ಮೂಲೆಯಿಂದ ಎರಡೂ ಕಡೆ 350-400 ಮಿ.ಮೀ. ದೂರಕ್ಕೆ ಮುಟ್ಟುವಷ್ಟು. ಅದಕ್ಕಿಂತ ಚಿಕ್ಕದಾದರೆ ನೋಡಲು ಚೆಂದ, ಕೆಲಸಕ್ಕೆ ಬರಲ್ಲ. ಪ್ರತಿ ತುದಿಗೂ ಎರಡು ಸ್ಕ್ರೂ ಇಲ್ಲವೇ ಒಂದು ಬೋಲ್ಟ್ ಹಾಕಿ. ಓರೆಪಟ್ಟಿಯ ತುದಿಯನ್ನು ಸರಿಯಾದ ಕೋನಕ್ಕೆ ಕೊಯ್ದು ಮರಕ್ಕೆ ಮರ ತಾಗುವಂತೆ ಕೂರಿಸಿ, ಆಗ ಭಾರ ಮರದ ಮೇಲೆ ಬೀಳುತ್ತದೆ, ಸ್ಕ್ರೂ ಸುಮ್ನೆ ಹಿಡಿದುಕೊಂಡಿದ್ದರೆ ಸಾಕು. ಹಿಂಬದಿ ಹೇಗೂ ಗೋಡೆ ಕಡೆ ಅನ್ನುವುದಾದರೆ ಅಲ್ಲಿ 12 ಮಿ.ಮೀ. ಪ್ಲೈವುಡ್ ಹಲಗೆಯನ್ನು ಕಾಲಿಗೂ ಪಟ್ಟಿಗೂ ಸೇರಿಸಿ ಸ್ಕ್ರೂ ಹೊಡೆಯಿರಿ. ಇಡೀ ಹಿಂಬದಿ ಮುಚ್ಚಬೇಕಿಲ್ಲ, ಮೊಣಕಾಲೆತ್ತರದಷ್ಟು ಅಗಲದ ಒಂದು ತುಂಡು ಮೇಲಿನ ಅಂಚಿಗೆ ಇದ್ದರೂ ಆ ಕಡೆಯ ಓಲಾಟ ನಿಲ್ಲುತ್ತದೆ.

ಗೋಡೆಗೆ ಕಟ್ಟಿಬಿಡುವುದು ಎಲ್ಲಕ್ಕಿಂತ ಗಟ್ಟಿ. ಆದರೆ ಗೋಡೆ ಎಂಥದ್ದು ಅಂತ ತಿಳಿದುಕೊಳ್ಳಿ. ಇಟ್ಟಿಗೆ ಅಥವಾ ಕಾಂಕ್ರೀಟ್ ಆದರೆ ಗಾರೆಯನ್ನು ದಾಟಿ ಒಳಗಿನ ಇಟ್ಟಿಗೆಯಲ್ಲಿ ಆ್ಯಂಕರ್ ಕೂರಬೇಕು, ಬರೀ ಗಾರೆಯಲ್ಲಿ ನಿಂತ ಪ್ಲಗ್ ಒಂದು ದಿನ ಪುಡಿ ಸಮೇತ ಕೈಗೆ ಬರುತ್ತದೆ. ಒಳಗೆ ಟೊಳ್ಳಿರುವ ಜಿಪ್ಸಂ ಗೋಡೆ ಆದರೆ ಒಳಗಿನ ಕಂಬ ಹುಡುಕಿ ಅದಕ್ಕೇ ಹೊಡೆಯಬೇಕು. ಇನ್ನೊಂದು, ಗೋಡೆಗೆ ಕಟ್ಟಿದ ಮಾತ್ರಕ್ಕೆ ಒಳಗಿನ ಸಡಿಲ ಕೀಲು ವಾಸಿ ಆಗಲ್ಲ. ಓಲಾಟ ನಿಂತಿರುತ್ತದೆ, ಕೀಲು ಒಳಗೊಳಗೇ ಸವೆಯುತ್ತಿರುತ್ತದೆ.

ಬಿಗಿ ಮಾಡಿದರೂ ಮತ್ತೆ ಸಡಿಲ

ಮಂಚ ಮಾಡಿ ಒಂದೆರಡು ತಿಂಗಳಿಗೆ ಬೋಲ್ಟ್ ಸಡಿಲ ಆಗುವುದು ಸಹಜ. ಮರ ಒಣಗಿದಾಗ ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಕುಗ್ಗುವುದು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಪೈನ್‌ನಂಥ ಮೆದು ಮರದ 90 ಮಿ.ಮೀ. ಕಾಲು 18 ಶೇಕಡಾ ತೇವದಲ್ಲಿ ಮನೆಗೆ ಬಂದು ಕೋಣೆಯಲ್ಲಿ 10 ಶೇಕಡಾಕ್ಕೆ ಇಳಿದರೆ, ಅಗಲದಲ್ಲಿ ಒಂದೂವರೆ ಎರಡು ಮಿ.ಮೀ. ತನಕ ಕಡಿಮೆ ಆಗಬಹುದು. ಬೋಲ್ಟ್ ಕುಗ್ಗಲ್ಲ. ಹಾಗಾಗಿ ಸಡಿಲ. ಮೊದಲ ತಿಂಗಳ ಕೊನೆಗೊಮ್ಮೆ, ಆಮೇಲೆ ಹವೆ ಬದಲಾದಾಗ ಒಮ್ಮೆ ಬಿಗಿ ಮಾಡುವುದು ದೋಷ ಅಲ್ಲ, ಆರೈಕೆ.

ಅದೇ ಬೋಲ್ಟ್ ಮೂರನೇ ಸಲವೂ ಸಡಿಲ ಆಯಿತಾ? ಆಗ ಬಿಚ್ಚಿ ನೋಡಲೇಬೇಕು. ಹೊರಗೆ ತೆಗೆದು ಕೈಯಲ್ಲಿ ಹಿಡಿಯಿರಿ. ನಡುವಿನ ಭಾಗ ಹೊಳೆಯುವಷ್ಟು ಉಜ್ಜಿದ್ದರೆ ಬೋಲ್ಟ್ ತೂತಿನಲ್ಲಿ ಆಡುತ್ತಿದೆ. ತೂತಿನೊಳಗೆ ಬೆಳಕು ಬಿಟ್ಟು ನೋಡಿ, ದುಂಡಗಿರಬೇಕಾದ್ದು ಮೊಟ್ಟೆಯಾಕಾರ ಆಗಿದ್ದರೆ ಅದಕ್ಕೆ ಪಕ್ಕಾ ಸಾಕ್ಷಿ. ಆಗ ತೂತನ್ನು ದೊಡ್ಡದು ಮಾಡಿ ದಪ್ಪ ಬೋಲ್ಟ್ ಹಾಕಬಹುದು. ನನಗೆ ಇಷ್ಟ ಆಗುವುದು ಇನ್ನೊಂದು ದಾರಿ. ಹಳೇ ತೂತನ್ನು ಕೊರೆದು ಅಗಲ ಮಾಡಿ, ಗಟ್ಟಿ ಮರದ ದುಂಡು ಗೂಟಕ್ಕೆ ಅಂಟು ಸವರಿ ಹೊಡೆದು, ಒಂದು ದಿನ ಬಿಟ್ಟು ಅದರ ಮಧ್ಯೆ ಹೊಸ ತೂತು ಕೊರೆಯುವುದು.

ಒಂದು ಮೋಸದ ದೋಷ ಇದೆ, ಇದನ್ನು ಗಮನಿಸಿ. ಕೆಲವು ಬೋಲ್ಟ್‌ಗಳಿಗೆ ಪೂರ್ತಿ ಉದ್ದಕ್ಕೆ ಮರೆ (ನಟ್ ಸುತ್ತಿಕೊಳ್ಳುವ ಸುರುಳಿ ಗೆರೆ) ಇರಲ್ಲ, ತುದಿಯ ಒಂದೆರಡು ಇಂಚಿಗೆ ಮಾತ್ರ. ಬೋಲ್ಟ್ ಬೇಕಾದ್ದಕ್ಕಿಂತ ಉದ್ದ ಇದ್ದರೆ ನಟ್ ಮರೆ ಮುಗಿಯುವ ಜಾಗಕ್ಕೆ ಬಂದು ನಿಂತುಬಿಡುತ್ತದೆ. ಸ್ಪ್ಯಾನರ್‌ಗೆ ಕಲ್ಲಿನ ಹಾಗೆ ಬಿಗಿ, ಮರಕ್ಕೆ ಹಿಡಿತವೇ ಇಲ್ಲ. ನಟ್ ಬಿಗಿ ಇದ್ದಾಗಲೇ ವಾಷರನ್ನು ಬೆರಳಿಂದ ತಿರುಗಿಸಿ ನೋಡಿ. ತಿರುಗಿದರೆ ಇದೇ ಕಾಯಿಲೆ. ಇನ್ನೆರಡು ವಾಷರ್ ಸೇರಿಸಿ, ಮುಗಿಯಿತು.

ವಾಷರ್ ಹೂತುಹೋಗುವುದು ನನ್ನ ಮಂಚದ ಕಥೆ. ಬೋಲ್ಟ್ ಜೊತೆ ಬರುವ ಚಿಕ್ಕ ವಾಷರ್ ಕಬ್ಬಿಣಕ್ಕೆ ಸರಿ, ಮೆದು ಮರಕ್ಕೆ ಸಾಲದು. ಬೋಲ್ಟ್‌ನ ದಪ್ಪದ ಮೂರು ಪಟ್ಟು ಅಗಲದ್ದು ಹಾಕಿ. ತಲೆಯ ಕೆಳಗೆ ಚೌಕ ಕತ್ತು ಇರುವ ಬೋಲ್ಟ್ ಆದರೆ ಆ ಕತ್ತು ಮರವನ್ನು ಕಚ್ಚಿ ಹಿಡಿದಿರಬೇಕು. ನಟ್ ತಿರುಗಿಸಿದಾಗ ಆ ಕಡೆ ತಲೆಯೂ ತಿರುಗಿದರೆ ಕಚ್ಚು ಹೋಗಿದೆ, ಅದನ್ನು ತೆಗೆದು ಆರುಮೂಲೆ ತಲೆಯ ಬೋಲ್ಟ್ ಮತ್ತು ವಾಷರ್ ಹಾಕುವುದೇ ಲೇಸು.

ಬೋಲ್ಟ್ ಇಲ್ಲದೆ ಬರೀ ಸ್ಕ್ರೂನಲ್ಲಿ ಮಾಡಿದ ಮಂಚ ಆದರೆ ಎರಡು ಕಡೆ ನೋಡಿ. ಒಂದು, ಎರಡು ಮರಗಳ ನಡುವೆ ಕಾಗದ ಹೋಗುವಷ್ಟು ಸಂದು ಉಳಿದಿದೆಯಾ? ಸ್ಕ್ರೂನ ಮರೆ ಎರಡೂ ಮರವನ್ನು ಕಚ್ಚಿದರೆ ಎಷ್ಟು ತಿರುಗಿಸಿದರೂ ಆ ಸಂದು ಮುಚ್ಚಲ್ಲ. ಬಿಚ್ಚಿ, ಹೊರಗಿನ ಮರದ ತೂತನ್ನು ಸ್ಕ್ರೂ ಸಲೀಸಾಗಿ ಹೋಗುವಷ್ಟು ದೊಡ್ಡದು ಮಾಡಿ, ಮತ್ತೆ ಹಾಕಿ, ಕಣ್ಣೆದುರೇ ಸಂದು ಮುಚ್ಚಿಕೊಳ್ಳುತ್ತದೆ. ಎರಡು, ಸ್ಕ್ರೂ ಪಟ್ಟಿಯ ತುದಿಯೊಳಗೆ, ಅಂದರೆ ಎಳೆಯ ಉದ್ದಕ್ಕೇ ಇಳಿದಿದೆಯಾ? ಅಲ್ಲಿ ಸ್ಕ್ರೂಗೆ ಹಿಡಿತ ತುಂಬಾ ಕಡಿಮೆ, ಪೊರಕೆ ಕಡ್ಡಿಗಳ ನಡುವೆ ಮೊಳೆ ಚುಚ್ಚಿದ ಹಾಗೆ. ಇನ್ನೂ ಉದ್ದದ ಸ್ಕ್ರೂ ಹಾಕಿ ಗುದ್ದಾಡಬೇಡಿ. ಪಟ್ಟಿಯ ಕೆಳಗೆ ಕಾಲಿಗೆ ಒಂದು ದಪ್ಪ ಮರದ ತುಂಡು ಅಂಟು ಸಮೇತ ಹೊಡೆದು ಪಟ್ಟಿ ಅದರ ಮೇಲೆ ಕೂರುವಂತೆ ಮಾಡಿ, ಅಥವಾ ಪಟ್ಟಿಯಲ್ಲಿ ಅಡ್ಡ ತೂತು ಕೊರೆದು ಕೂರಿಸುವ ದುಂಡು ನಟ್ ಸಿಗುತ್ತದೆ, ಅದಕ್ಕೆ ಬೋಲ್ಟ್ ಹಾಕಿ.

ಸದ್ದು

ಸದ್ದಿನಲ್ಲೇ ಅರ್ಧ ಉತ್ತರ ಇರುತ್ತದೆ. ‘ಕಿರ್ರ್’ ಅಂತ ಎಳೆದ ಹಾಗೆ ಬಂದರೆ ಮರಕ್ಕೆ ಮರ ಉಜ್ಜುತ್ತಿದೆ, ಕಿವಿಗೆ ಕಿರಿಕಿರಿ ಬಿಟ್ಟರೆ ಅಪಾಯ ಕಡಿಮೆ. ಮೈಭಾರ ಆಚೆ ಈಚೆ ಹೋದಾಗ ಒಂದೊಂದೇ ‘ಟಕ್’ ಬಂದರೆ ಬೋಲ್ಟ್ ತೂತಿನಲ್ಲಿ ಜಾಗ ಬದಲಿಸುತ್ತಿದೆ, ಮೇಲೆ ಹೇಳಿದ ಪರೀಕ್ಷೆಗೆ ವಾಪಸ್ ಹೋಗಿ. ‘ಚಟ್’ ಬಗ್ಗೆ ಆಗಲೇ ಹೇಳಿದೆ.

ಎಲ್ಲಿಂದ ಬರುತ್ತಿದೆ ಅಂತ ಹುಡುಕುವುದೇ ತಲೆನೋವು, ಯಾಕಂದರೆ ಮರ ಸದ್ದನ್ನು ಈ ಮೂಲೆಯಿಂದ ಆ ಮೂಲೆಗೆ ಒಯ್ಯುತ್ತದೆ. ಒಂದು ಮರದ ಕೋಲಿನ ತುದಿಯನ್ನು ಅನುಮಾನದ ಕೀಲಿಗೆ ಒತ್ತಿ, ಇನ್ನೊಂದು ತುದಿಗೆ ಕಿವಿ ಇಡಿ, ಯಾರಾದರೂ ಅಲ್ಲಾಡಿಸಲಿ. ಹುಚ್ಚಾಟದ ಹಾಗೆ ಕಾಣುತ್ತದೆ, ಕೆಲಸ ಮಾಡುತ್ತದೆ. ಅದಕ್ಕೂ ಮೊದಲು ರೀಪುಗಳನ್ನೆಲ್ಲ ತೆಗೆದು ಬರೀ ಚೌಕಟ್ಟನ್ನು ಅಲ್ಲಾಡಿಸಿ. ಸದ್ದು ಹೋದರೆ ತಪ್ಪು ರೀಪುಗಳದ್ದು, ಕೀಲುಗಳ ತಂಟೆಗೆ ಹೋಗಬೇಕಾಗಿಲ್ಲ. ರೀಪು ಕೂರುವ ಜಾಗಕ್ಕೆ ಮೇಣದಬತ್ತಿ ಉಜ್ಜಿ, ಇಲ್ಲವೇ ಫೆಲ್ಟ್ ಪಟ್ಟಿ ಅಂಟಿಸಿ. ಎಣ್ಣೆ ಮಾತ್ರ ಬೇಡ. ಮರ ಅದನ್ನು ಕುಡಿದುಬಿಡುತ್ತದೆ, ಸದ್ದು ವಾಪಸ್ ಬರುತ್ತದೆ, ಆಮೇಲೆ ಅಲ್ಲಿ ಅಂಟೂ ಹಿಡಿಯಲ್ಲ.

ನಡುವೆ ಜೋತುಬಿದ್ದಿದ್ದರೆ

ಉದ್ದಪಟ್ಟಿಯ ಎರಡು ತುದಿಗೂ ದಾರ ಬಿಗಿದು ನೋಡಿ. ಮಧ್ಯದಲ್ಲಿ ದಾರಕ್ಕೂ ಪಟ್ಟಿಗೂ ಅಂತರ ಬಂದರೆ ಪಟ್ಟಿ ಬಾಗಿದೆ. ಪಟ್ಟಿ ನೆಟ್ಟಗಿದ್ದೂ ಹಾಸಿಗೆ ಗುಳಿ ಬಿದ್ದರೆ ರೀಪು ಬಾಗಿದೆ. ಮರದ ಬಿಗುವಿನಲ್ಲಿ, ಅಂದರೆ ಬಾಗದೆ ನಿಲ್ಲುವುದರಲ್ಲಿ, ಅಗಲಕ್ಕಿಂತ ದಪ್ಪ ಮುಖ್ಯ. ಅಗಲ ಎರಡು ಪಟ್ಟು ಆದರೆ ಬಿಗುವೂ ಎರಡು ಪಟ್ಟು, ದಪ್ಪ ಎರಡು ಪಟ್ಟು ಆದರೆ ಎಂಟು ಪಟ್ಟು. 18 ಮಿ.ಮೀ. ರೀಪಿನ ಬದಲು 25 ಹಾಕಿದರೆ ಎರಡೂವರೆ ಪಟ್ಟಿಗಿಂತ ಜಾಸ್ತಿ ಬಿಗಿ. ಅದೂ ಬೇಡ ಅಂದರೆ ರೀಪುಗಳ ನಡುಮಧ್ಯಕ್ಕೆ ಕೆಳಗಿನಿಂದ ಉದ್ದಕ್ಕೆ ಒಂದು ತೊಲೆ ಕೊಡಿ. ಈ ತೊಲೆಯನ್ನು ಚಪ್ಪಟೆಯಾಗಿ ಮಲಗಿಸಿದ್ದನ್ನು ನಾನು ನೋಡಿದ್ದೇನೆ. 40 ಕ್ಕೆ 140 ಮಿ.ಮೀ. ಮರವನ್ನು ಮಲಗಿಸುವ ಬದಲು ಅಂಚಿನ ಮೇಲೆ ನಿಲ್ಲಿಸಿದರೆ 12 ಪಟ್ಟು ಬಿಗಿ, ಅದೇ ಮರ, ಅದೇ ಖರ್ಚು.

ಬಹಳ ದಿನ ಬಾಗಿಕೊಂಡೇ ಇದ್ದ ರೀಪು ಭಾರ ತೆಗೆದರೂ ಪೂರ್ತಿ ನೆಟ್ಟಗಾಗಲ್ಲ. ತಿರುಗಿಸಿ ಹಾಕಿ ಸ್ವಲ್ಪ ದಿನ ದೂಡಬಹುದು, ಗಂಟು ಇರುವ ರೀಪು ಆದರೆ ಹೊಸದೇ ಹಾಕಿ. ಮುರಿಯುವುದಾದರೆ ಆ ಗಂಟಿನ ಹತ್ತಿರವೇ ಮುರಿಯುತ್ತದೆ.

ಏಣಿ, ತಡೆಪಟ್ಟಿ, ಬಿರುಕು

ಏಣಿಯ ದೋಷ ಬೇಗ ಸಿಗುತ್ತದೆ. ಮೆಟ್ಟಿಲನ್ನು ಕೈಯಲ್ಲಿ ಹಿಡಿದು ತಿರುಚಿ, ಒಂದು ಕೂದಲೆಳೆ ತಿರುಗಿದರೂ ಅಂಟು ಬಿಟ್ಟಿದೆ. ಕೆಳತುದಿ ಜಾರುತ್ತಿದ್ದರೆ ರಬ್ಬರ್ ಹಾಕಿ, ಮೇಲ್ತುದಿಯನ್ನು ಕೊಕ್ಕೆಯಲ್ಲಿ ಬಿಡದೆ ಬೋಲ್ಟ್ ಹಾಕಿ.

ತಡೆಪಟ್ಟಿ ಅಂದರೆ ಮಲಗಿದವರು ಕೆಳಗೆ ಬೀಳದಂತೆ ಹಾಸಿಗೆಯ ಅಂಚಿಗೆ ಹೊಡೆಯುವ ಪಟ್ಟಿ. ಅದರಲ್ಲಿ ದೋಷ ಬರುವುದು ಮಂಚ ಮಾಡಿದ ಎಷ್ಟೋ ದಿನದ ಮೇಲೆ, ದಪ್ಪ ಹಾಸಿಗೆ ತಂದು ಹಾಕಿದಾಗ. ಅಮೆರಿಕದ ನಿಯಮದ ಪ್ರಕಾರ ಹಾಸಿಗೆಯ ಮೇಲ್ಮೈಯಿಂದ ತಡೆಪಟ್ಟಿ ಕನಿಷ್ಠ 5 ಇಂಚು, ಅಂದರೆ 127 ಮಿ.ಮೀ. ಮೇಲಿರಬೇಕು. 6 ವರ್ಷ ತುಂಬದ ಮಕ್ಕಳನ್ನು ಮೇಲೆ ಮಲಗಿಸಬಾರದು ಅಂತಲೂ ಇದೆ. ಟೇಪು ಹೇಗೂ ಕೈಯಲ್ಲಿದೆಯಲ್ಲ, ಇದನ್ನೂ ಅಳೆದುಬಿಡಿ.

ಬಿರುಕು ಕಂಡರೆ ಹೆದರಿ ಓಡಬೇಡಿ, ಕಡೆಗಣಿಸಲೂ ಬೇಡಿ. ಕಾಲಿನ ತುದಿಯಲ್ಲಿ, ಎಳೆಯ ಉದ್ದಕ್ಕೆ, ಕೂದಲಷ್ಟು ಸಣ್ಣಗೆ ಇದ್ದರೆ ಸಾಮಾನ್ಯವಾಗಿ ಒಣಗಿದ ಬಿರುಕು. ಹಾಸಿಗೆ ನೆಲದಲ್ಲೇ ಇರಲಿ. ಬಿರುಕಿನ ಎರಡೂ ತುದಿಗೆ ಪೆನ್ಸಿಲ್‌ನಲ್ಲಿ ಅಡ್ಡ ಗೆರೆ ಹಾಕಿ ತಾರೀಖು ಬರೆಯಿರಿ. ಮಂಚದ ಮೇಲೆ ಪುಸ್ತಕದ ಡಬ್ಬಗಳನ್ನೋ ನೀರಿನ ಕ್ಯಾನುಗಳನ್ನೋ ಹೇರಿ ಎರಡು ವಾರ ಬಿಟ್ಟು ನೋಡಿ. ಗೆರೆ ದಾಟದಿದ್ದರೆ ಇರಲಿ ಬಿಡಿ. ದಾಟಿದರೆ, ಅಥವಾ ಬಿರುಕು ಬೋಲ್ಟ್ ತೂತಿನಿಂದಲೇ ಹೊರಟಿದ್ದರೆ, ಅಥವಾ ಪಟ್ಟಿಯ ಕೆಳ ಅಂಚಿನಲ್ಲಿ ಎಳೆಗೆ ಅಡ್ಡವಾಗಿ ಇದ್ದರೆ, ಆ ಮರವನ್ನೇ ಬದಲಿಸಿ. ಅಂಟು ತುಂಬಿ ಬಣ್ಣ ಬಳಿದರೆ ಬಿರುಕು ಹೋಗಲ್ಲ, ನಿಮ್ಮ ಕಣ್ಣಿಗೆ ಕಾಣದ ಹಾಗಾಗುತ್ತದೆ ಅಷ್ಟೇ.

ನನ್ನ ಮಂಚಕ್ಕೆ ಕೊನೆಗೆ ಹಿಂಬದಿಗೆ ಒಂದು ಪ್ಲೈವುಡ್ ತುಂಡು, ಮುಂದಿನ ಮೂಲೆಗಳಿಗೆ ಎರಡು ಓರೆಪಟ್ಟಿ ಹೊಡೆದೆ, ಹೂತುಹೋದ ವಾಷರ್‌ಗಳನ್ನು ಉಳಿಯಿಂದ ಎಬ್ಬಿ ತೆಗೆದು ಅಗಲದ್ದು ಹಾಕಿದೆ. ಆಮೇಲೆ ಮಂಚಕ್ಕೆ ವಾರ್ನಿಷ್ ಹೊಡೆಯುವ ಮೊದಲು ಎಲ್ಲ ಕಡೆ ಉಜ್ಜುಕಾಗದ ತಿಕ್ಕಿದೆ, ಕೀಲುಗಳ ಮೇಲಿನ ಪೆನ್ಸಿಲ್ ಗೆರೆಗಳನ್ನು ಬಿಟ್ಟು. ಈಗಲೂ ಅವು ವಾರ್ನಿಷ್ ಕೆಳಗೆ ಕಾಣುತ್ತವೆ. ಹಾಸಿಗೆ ಹೊದಿಕೆ ಬದಲಿಸುವಾಗ ಒಂದು ಸಲ ಕಣ್ಣು ಹಾಯಿಸಿದರೆ ಯಾವ ಕೀಲು ಸರಿದಿದೆ ಅಂತ ಗೊತ್ತಾಗುತ್ತದೆ.